ಮರ ನಮ್ಮದು, ಲೆಕ್ಕ ಯಾರದು?
(ಕಳಸ ಸೀಮೆಯ ಕಾಫಿ ಬೆಳೆಗಾರರ ಮುಂದೆ ಆಡಿದ ಮಾತು)



ಕಾರ್ಬನ್ ಕ್ರೆಡಿಟ್ ಅಂದರೆ ಸಬ್ಸಿಡಿ ಅಲ್ಲ, ಮಾರಾಟದ ಸರಕು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೀರಿದರೆ, ಇಲ್ಲವೇ ಗಾಳಿಗೆ ಸೇರದಂತೆ ತಡೆದರೆ, ಒಂದು ಕ್ರೆಡಿಟ್. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಟನ್ ಒಣಮರ ಬೆಳೆಯಿತೆಂದರೆ ಹೆಚ್ಚುಕಡಿಮೆ 1.8 ಟನ್ ಹೀರಿದ ಹಾಗೆ.

ಹಾಗಾದರೆ ಅಜ್ಜ ಉಳಿಸಿದ ಹಲಸು, ಅತ್ತಿ, ನಂದಿ ಮರದ ನೆರಳಲ್ಲಿ ಕಾಫಿ ಬೆಳೆಯುವ ನಮಗೇ ಮೊದಲ ಪಾಲು ಅಂದ್ಕೋತೀರಿ. ಇಲ್ಲ! ಮರ ನೆಡುವ ಯೋಜನೆಯಲ್ಲಿ ಮೊದಲೇ ಇದ್ದ ಮರಕ್ಕೆ ಕ್ರೆಡಿಟ್ ಇಲ್ಲ. ಈ ಹಣದ ಆಸರೆಯಿಂದ ಹೊಸದಾಗಿ ನೆಟ್ಟದ್ದಕ್ಕೆ ಮಾತ್ರ. ಕಾಡು ಕಡಿದು, ಆಮೇಲೆ ಸಸಿ ನೆಟ್ಟು ಹಣ ಕೇಳುವವನಿಗೂ ತಡೆಯಿದೆ: ವೆರಾ ಸಂಸ್ಥೆಯ ನಿಯಮದಲ್ಲಿ ಅದಕ್ಕೆ ಹತ್ತು ವರ್ಷದ ಗಡುವು. ಉಳಿಸಿದವನಿಗೆ ಏನೂ ಇಲ್ಲ ಅನ್ನೋದು ಮಾತ್ರ ನನಗೆ ನ್ಯಾಯವಾಗಿ ಕಾಣೋದಿಲ್ಲ.

ಜಮೀನಿನ ಹಕ್ಕು ಸ್ಪಷ್ಟವಿರಬೇಕು. ಒತ್ತುವರಿ ತೋಟದವರ ಕಷ್ಟ ಇಲ್ಲೇ. ಮೂರೆಕರೆಯವನು ಅಳತೆ, ತಪಾಸಣೆಯ ಖರ್ಚು ಒಬ್ಬನೇ ಹೊರಲಾರ; ಗುಂಪು ಬೇಕು. ಬಾಗೇಪಲ್ಲಿ ಕೂಲಿ ಸಂಘದವರು 2005ರಲ್ಲಿ 5,500 ಗೋಬರ್ ಗ್ಯಾಸ್ ಘಟಕಗಳನ್ನು ಒಂದೇ ಯೋಜನೆಯಾಗಿ ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿದ್ದು ಹೀಗೇ.

ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಹೊರಡಿಸಿದೆ. ಏಜೆಂಟರು ಮನೆಬಾಗಿಲಿಗೂ ಬಂದಾರು. ಸಹಿಗೆ ಮುಂಚೆ ಕೇಳಿ: ನಮ್ಮ ಪಾಲೆಷ್ಟು? ಹಣ ಯಾವ ವರ್ಷ? ಬೆಲೆ ಬಿದ್ದರೆ? ನೆಟ್ಟ ಮರ ಹತ್ತಾರು ವರ್ಷ ನಿಲ್ಲಬೇಕು. ಬ್ಯಾಂಕಿನ ಸಾಲಕ್ಕೆ, ಮಗಳ ಮದುವೆಗೆ ಸಿಲ್ವರ್ ಮರ ಕಡಿದು ಮಾರುವವರು ನಾವು. ಆ ಹಕ್ಕು ಏನಾಗುತ್ತೆ? ಕರಾರು ಇಂಗ್ಲಿಷಲ್ಲಿದ್ದರೆ ಕನ್ನಡದಲ್ಲಿ ಬರೆಸಿಕೊಂಡು, ನಾಲ್ಕು ಜನರೆದುರು ಓದಿಸಿ.