ಗೇಟಿನಿಂದ ಗದ್ದೆಯವರೆಗೆ: ಕಾಲುವೆ ನೀರಿನ ಲೆಕ್ಕ

ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರೆ ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕೊನೆಭಾಗದ ರೈತ ಕೇಳುವುದು ಬೇರೆ: ನಮ್ಮ ತೂಬಿಗೆ ನೀರು ಯಾವಾಗ ಮುಟ್ಟುತ್ತದೆ, ಎಷ್ಟು ಮುಟ್ಟುತ್ತದೆ? ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದವಿದೆ. ಮೇಲೆ ಗೇಟು ಎತ್ತಿದ್ದರ ಫಲ ಕೆಳಗೆ ಕಾಣಲು ದಿನಗಳೇ ಹಿಡಿಯುತ್ತವೆ. ಆ ನಡುವಿನ ಹೊತ್ತನ್ನು ಲೆಕ್ಕಕ್ಕೆ ತಂದ ಬಗೆಯನ್ನು ಇವತ್ತು ನೋಡೋಣ.

1889ರಲ್ಲಿ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಒಂದು ಸೂತ್ರ ಮಂಡಿಸಿದರು. ಅವರ ಹೆಸರಿನಲ್ಲಿ ಇವತ್ತು ಬಳಕೆಯಲ್ಲಿರುವ ಸೂತ್ರಕ್ಕೆ ಕಾಲುವೆಯ ಇಳಿಜಾರು, ಅಳತೆ, ನೀರಿನ ಆಳ, ಒಳಮೈಯ ಒರಟುತನ ಗೊತ್ತಿದ್ದರೆ ಸಾಕು, ಹರಿವು ಸಿಗುತ್ತದೆ. ನಯವಾದ ಕಾಂಕ್ರೀಟ್ ಕಾಲುವೆಗೆ ಒರಟುತನದ ಅಂಕಿ ಸುಮಾರು 0.015. ಜೊಂಡು ಬೆಳೆದ ಮಣ್ಣಿನ ಕಾಲುವೆಗೆ ಅದು 0.030 ಆಗಬಹುದು. ಅಂದರೆ ಅಳತೆ, ಇಳಿಜಾರು, ನೀರಿನ ಆಳ ಎಲ್ಲವೂ ಅಷ್ಟೇ ಇದ್ದರೂ ಹರಿಯುವ ನೀರು ಅರ್ಧಕ್ಕೆ ಇಳಿಯುತ್ತದೆ.

ಇದು ಒಂದೇ ಸಮನೆ ಹರಿಯುವ ನೀರಿನ ಲೆಕ್ಕ. ಕಾಲುವೆಯಲ್ಲಾದರೋ ಗೇಟು ಏರುತ್ತದೆ, ಇಳಿಯುತ್ತದೆ. ಮಳೆ ಬಂದರೆ ರೈತರು ತೂಬು ಮುಚ್ಚುತ್ತಾರೆ. ಹೀಗೆ ಗಳಿಗೆಗೊಮ್ಮೆ ಬದಲಾಗುವ ಹರಿವಿಗೆ ಫ್ರಾನ್ಸಿನ ಸೇಂಟ್ ವೆನಾಂಟ್ 1871ರಲ್ಲೇ ಎರಡು ಸಮೀಕರಣ ಕೊಟ್ಟಿದ್ದರು. ಒಂದು ಜಮಾ-ಖರ್ಚು: ಒಳಗೆ ಬಂದ ನೀರಿನಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಕಾಲುವೆಯಲ್ಲೇ ಇರಬೇಕು. ಇನ್ನೊಂದು ಬಲದ ಲೆಕ್ಕ: ಇಳಿಜಾರು ಎಷ್ಟು ಎಳೆಯುತ್ತದೆ, ತಳ ಮತ್ತು ದಂಡೆ ಎಷ್ಟು ತಡೆಯುತ್ತವೆ ಎಂಬುದು. ಅವರು ಬರೆದದ್ದು ನದಿಯ ಪ್ರವಾಹ ಮತ್ತು ಉಬ್ಬರವಿಳಿತಗಳ ಬಗ್ಗೆ. ನಿಯಮ ಕಾಲುವೆಗೂ ಅದೇ. ಆದರೆ ನಿಜವಾದ ಒಂದು ಕಾಲುವೆಗೆ ಅವನ್ನು ಕೈಲೆಕ್ಕದಲ್ಲಿ ಬಿಡಿಸುವುದು ಆಗದ ಮಾತು.

ಕಂಪ್ಯೂಟರ್ ಬಂದಮೇಲೆ ದಾರಿ ತೆರೆಯಿತು. 1950ರ ದಶಕದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟೋಕರ್ ಮತ್ತು ಸಂಗಡಿಗರು ಒಹಾಯೊ ನದಿಯ ಪ್ರವಾಹವನ್ನು ಯುನಿವ್ಯಾಕ್ ಯಂತ್ರದಲ್ಲಿ ಲೆಕ್ಕ ಹಾಕಿದರು. 1961ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿದ್ದ ಪ್ರೈಸ್‌ಮನ್ ಇನ್ನೂ ಗಟ್ಟಿಯಾದ ವಿಧಾನ ಕೊಟ್ಟರು. ಕಾಲುವೆಯನ್ನೂ ಕಾಲವನ್ನೂ ತುಂಡುತುಂಡಾಗಿ ಕತ್ತರಿಸಿ, ಪ್ರತಿ ಬಿಂದುವಿನ ಆಳವನ್ನೂ ಹರಿವನ್ನೂ ಒಟ್ಟಿಗೇ ಬಿಡಿಸಿ, ಆಮೇಲೆ ಮುಂದಿನ ಗಳಿಗೆಗೆ ಹೋಗುವುದು ಅದರ ಕ್ರಮ. ಅರವತ್ತರ ದಶಕದಲ್ಲೇ ಮೆಕಾಂಗ್ ನದೀಮುಖಜ ಭೂಮಿಯ ಮಾದರಿ ಇದೇ ಹಾದಿಯಲ್ಲಿ ಸಿದ್ಧವಾಯಿತು.

ನೀರಾವರಿ ಕಾಲುವೆಯ ತೊಡಕು ಬೇರೆ. ಅಲ್ಲಿ ಅಡ್ಡ ಗೇಟೊಂದನ್ನು ಇಳಿಸಿದರೆ ಅದರ ಹಿಂದೆ ನೀರು ಏರಿ, ಪಕ್ಕದ ವಿತರಣಾ ಕಾಲುವೆಗೆ ಹೆಚ್ಚು ನುಗ್ಗುತ್ತದೆ, ಕೆಳಗಿನವರಿಗೆ ಕಡಿಮೆಯಾಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಶ್ರೀಲಂಕಾದ ಕಿರಿಂದಿ ಓಯ ಬಲದಂಡೆ ಕಾಲುವೆಗೆ ಫ್ರೆಂಚ್ ಸಂಶೋಧಕರು ಅಂತರರಾಷ್ಟ್ರೀಯ ನೀರಾವರಿ ಸಂಸ್ಥೆಯ ಜೊತೆಗೂಡಿ ಮಾದರಿ ಕಟ್ಟಿದಾಗ, ಗೇಟು ನಡೆಸುವವರ ಪ್ರಶ್ನೆಗಳೇ ಮುಂದೆ ಬಂದವು. 1995ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳ ವಿಭಾಗ ಹೆಕ್-ರಾಸ್ ತಂತ್ರಾಂಶವನ್ನು ಹೊರತಂದಿತು. ಅದು ಉಚಿತ, ಹೀಗಾಗಿ ಮುಂದೆ ಇಂಥ ಲೆಕ್ಕ ಎಂಜಿನಿಯರಿಂಗ್ ವಿದ್ಯಾರ್ಥಿಯ ಕೈಗೂ ಸಿಕ್ಕಿತು.

ನಮ್ಮ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಲೋಕಾರ್ಪಣೆಯಾಯಿತು. 10,000 ಕ್ಯೂಸೆಕ್ ಸಾಮರ್ಥ್ಯ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಗೇಟುಗಳನ್ನು ದೂರದಿಂದಲೇ ನಡೆಸುವ ಸ್ಕಾಡಾ ವ್ಯವಸ್ಥೆ ಅಲ್ಲಿದೆ. ಆದರೆ ಯಾವ ಗೇಟನ್ನು ಯಾವ ಹೊತ್ತಿಗೆ ಎಷ್ಟು ಎತ್ತಬೇಕೆಂದು ಮೊದಲೇ ತಿಳಿಯಲು ಹರಿವಿನ ಮಾದರಿಯ ಲೆಕ್ಕವೇ ಬೇಕು.

ಮಾದರಿ ನೀರನ್ನು ಹುಟ್ಟಿಸುವುದಿಲ್ಲ. ತುಂಬಿದ ಹೂಳು, ದಂಡೆಯ ಮೇಲಿನ ಅಕ್ರಮ ಪಂಪ್‌ಸೆಟ್ಟು ಅದರೊಳಗೆ ದಾಖಲಾಗದಿದ್ದರೆ, ಪರದೆಯ ಮೇಲೆ ತುಂಬಿ ಹರಿಯುವ ಕಾಲುವೆ ಹೊಲದ ಬಳಿ ಒಣಗಿರುತ್ತದೆ. ಆದ್ದರಿಂದ ಹರಿವನ್ನು ಸ್ಥಳದಲ್ಲೇ ಅಳೆಯುತ್ತಿರಬೇಕು. ಜೊತೆಗೆ ಮಾದರಿಯ ಉತ್ತರ ಕಚೇರಿಯೊಳಗೇ ಉಳಿಯದೆ ನೀರು ಬಳಕೆದಾರರ ಸಂಘಕ್ಕೂ ತಲುಪಬೇಕು: ನಿಮ್ಮ ತೂಬಿಗೆ ಇಂಥ ದಿನ, ಇಷ್ಟು ನೀರು. ಹಾಗೆ ಮುಂಚಿತವಾಗಿ ಹೇಳಿದ ಲೆಕ್ಕವನ್ನು ಕೊನೆಭಾಗದ ರೈತ ತಾನೇ ಅಳೆದು ನೋಡಬಹುದು, ಕಡಿಮೆಯಾದರೆ ಹಕ್ಕಿನಿಂದ ಕೇಳಬಹುದು.