ಹೆಸರಿಡುವ ಮುಂಚೆ ಒಮ್ಮೆ ಹುಡುಕಿ



ಒಂದೇ ಓಣಿಯಲ್ಲಿ ನಾಲ್ಕು ಜನ ಬಸವರಾಜ ಇದ್ದರೆ ಯಾರಿಗೂ ತಕರಾರಿಲ್ಲ. ಒಬ್ಬ ಉದ್ದ ಬಸು, ಇನ್ನೊಬ್ಬ ಗಿರಣಿ ಬಸು, ಊರು ಹೇಗೋ ಗುರುತು ಹಿಡಿಯುತ್ತೆ. ಆದರೆ ಒಂದೇ ಹೆಸರಿನ ಎರಡು ಬೆಲ್ಲದ ಪ್ಯಾಕೆಟ್ ಅಂಗಡಿಗೆ ಬಂದರೆ? ಅಲ್ಲಿ ಜಗಳ ಶುರು.

ಇವತ್ತಿನ ಮಾತು ಜಮಖಂಡಿ, ಮುಧೋಳ ಕಡೆ ಬೆಲ್ಲ ಮಾಡೋರಿಗೆ, ರಬಕವಿ-ಬನಹಟ್ಟಿಯಲ್ಲಿ ಸೀರೆ ನೇಯೋರಿಗೆ, ಬೀಳಗಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರೋ ಹೆಣ್ಣುಮಕ್ಕಳಿಗೆ. ನಮ್ಮ ಮಾಲು ನಮ್ಮದೇ ಹೆಸರಿನಲ್ಲಿ ಹೋಗಬೇಕು ಅನ್ನೋ ಆಸೆ ಒಳ್ಳೆಯದೇ. ಆದರೆ ನಾವು ಮಾಡೋದೇನು? ಮನೆದೇವರ ಹೆಸರೋ, ಮಗಳ ಹೆಸರೋ ಇಟ್ಟು ಬೋರ್ಡ್ ಬರೆಸ್ತೀವಿ, ಪ್ಯಾಕೆಟ್ ಅಚ್ಚು ಹಾಕಿಸ್ತೀವಿ, ಜಾತ್ರೆಯಲ್ಲಿ ಬ್ಯಾನರ್ ಕಟ್ತೀವಿ. ಎರಡು ವರ್ಷ ಕಳೆದ ಮೇಲೆ ವಕೀಲರ ನೋಟಿಸ್ ಬರುತ್ತೆ: ಈ ಹೆಸರು ನಮ್ಮದು, ಬಳಸೋದು ನಿಲ್ಲಿಸಿ. ಪ್ಯಾಕೆಟ್, ಬಿಲ್ ಪುಸ್ತಕ ಎಲ್ಲಾ ರದ್ದಿಗೆ. ಅದಕ್ಕಿಂತ ದೊಡ್ಡ ನಷ್ಟ, ಆ ಹೆಸರು ಕೇಳಿಕೊಂಡು ಬರುತ್ತಿದ್ದ ಗಿರಾಕಿಯದು.

‘ನಾನು ಚಿಕ್ಕವನು, ದೂರದ ಕಂಪನಿಗೆ ಎಲ್ಲಿ ಕಾಣ್ತೀನಿ?’ ಅಂತೀರಾ? ಟ್ರೇಡ್ ಮಾರ್ಕ್ ನೋಂದಣಿ ಇಡೀ ದೇಶಕ್ಕೆ ಅನ್ವಯ. ನಿಮ್ಮ ಸೀರೆ ಆನ್‌ಲೈನ್‌ಗೆ ಬಂದ ದಿನವೇ ನೀವು ಎಲ್ಲರಿಗೂ ಕಾಣ್ತೀರಿ.

ದೊಡ್ಡವರ ಕಥೆಯೇ ಕೇಳಿ. ಕೆಎಂಎಫ್ ‘ನಂದಿನಿ’ ಹೆಸರು ಬಳಸತೊಡಗಿದ್ದು 1985ರಲ್ಲಿ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲ್ 1989ರಲ್ಲಿ. ಹೋಟೆಲಿನವರು ಆಹಾರ ಪದಾರ್ಥಗಳಿಗೆ ಆ ಹೆಸರು ನೋಂದಾಯಿಸಲು ಹೋದಾಗ ಕೆಎಂಎಫ್ ತಕರಾರು ತೆಗೆಯಿತು. 2007ರಲ್ಲಿ ಟ್ರೇಡ್ ಮಾರ್ಕ್ ಕಚೇರಿಯಲ್ಲಿ ಹೋಟೆಲ್ ಗೆದ್ದಿತು. 2011ರಲ್ಲಿ ಮೇಲ್ಮನವಿ ಮಂಡಳಿಯಲ್ಲಿ ಸೋತಿತು. 2014ರಲ್ಲಿ ಹೈಕೋರ್ಟಿನಲ್ಲೂ ಸೋತಿತು. ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ನಿಂತಿತು. ನಂದಿನಿ ಅನ್ನೋದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೋ ಹುಟ್ಟಿಸಿದ ಪದವಲ್ಲ. ಇಬ್ಬರ ಚಿಹ್ನೆಯೂ ಬೇರೆ, ಮಾಲೂ ಬೇರೆ ಎಂದಿತು. ಆದರೂ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಆ ಹೆಸರು ಹೋಟೆಲಿಗೆ ಸಿಗಲಿಲ್ಲ.

ಗೆದ್ದರು ನಿಜ. ಆದರೆ ಮೊದಲ ಆದೇಶದಿಂದ ಕೊನೆಯ ತೀರ್ಪಿಗೆ 11 ವರ್ಷ! ಬನಹಟ್ಟಿಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡ ನೇಕಾರ 11 ವರ್ಷ ದೆಹಲಿವರೆಗೆ ಓಡಾಡೋಕೆ ಆಗುತ್ತಾ?

ಹಾಗಾದರೆ ಏನು ಮಾಡಬೇಕು? ಕೇಂದ್ರ ಸರ್ಕಾರದ ‘ಐಪಿ ಇಂಡಿಯಾ’ ವೆಬ್‌ಸೈಟಿನಲ್ಲಿ ಹೆಸರು ಹುಡುಕೋದು ಉಚಿತ. ಒಟ್ಟು 45 ವರ್ಗಗಳಿವೆ. ಬೆಲ್ಲ, ರೊಟ್ಟಿ 30ರಲ್ಲಿ, ಬಟ್ಟೆ 24ರಲ್ಲಿ, ಉಡುಪು 25ರಲ್ಲಿ. ಹೆಸರನ್ನಷ್ಟೇ ಅಲ್ಲ, ಅದರ ಉಚ್ಚಾರಣೆಯನ್ನೂ ಹುಡುಕಿ. ಇಂಗ್ಲಿಷಿನಲ್ಲಿ ಒಂದಕ್ಷರ ಬದಲಿಸಿದ ಮಾತ್ರಕ್ಕೆ ಹೆಸರು ಬೇರೆ ಆಗಲ್ಲ, ಕಿವಿಗೆ ಒಂದೇ ಥರ ಕೇಳಿಸಿದರೂ ತೊಂದರೆಯೇ. ಆಮೇಲೆ ಮಹಾಲಿಂಗಪುರದ ಬೆಲ್ಲದ ಮಾರುಕಟ್ಟೆಯಲ್ಲೂ ವಿಚಾರಿಸಿ. ನೋಂದಣಿ ಮಾಡಿಸದಿದ್ದರೂ ಮೊದಲಿಂದ ಆ ಹೆಸರಿನಲ್ಲಿ ಮಾರುತ್ತಾ ಬಂದವರಿಗೆ ಕಾನೂನಿನ ರಕ್ಷಣೆ ಇದೆ.

ಜಿಎಸ್‌ಟಿ ನಂಬರ್ ಬಂದಿದೆ, ಆಹಾರ ಲೈಸೆನ್ಸ್ ಬಂದಿದೆ, ಹೆಸರು ನಮ್ಮದೇ ಅಂದುಕೊಳ್ಳಬೇಡಿ. ಅವು ವ್ಯಾಪಾರಕ್ಕೆ ಅನುಮತಿ, ಹೆಸರಿಗೆ ಹಕ್ಕುಪತ್ರ ಅಲ್ಲ. ‘ಮುಧೋಳ ಬೆಲ್ಲ’ ಅಂತ ಬರೀ ಊರು, ಮಾಲು ಎರಡನ್ನೇ ಜೋಡಿಸಿದರೆ ನೋಂದಣಿ ಸಿಗೋದು ಕಷ್ಟ, ಅದನ್ನು ಹೇಳೋ ಹಕ್ಕು ಊರಿನವರೆಲ್ಲರಿಗೂ ಇರುತ್ತಲ್ಲ. ನೋಂದಣಿ ಆಗದೆ ವೃತ್ತದೊಳಗಿನ ‘ಆರ್’ ಗುರುತು ಹಾಕೋದು ಕಾನೂನಿಗೆ ವಿರುದ್ಧ.

ಹೆಸರು ಖಾಲಿ ಇದೆ ಅಂತ ಕಂಡರೆ ಅರ್ಜಿ ಹಾಕಿ. ಒಬ್ಬ ವ್ಯಕ್ತಿಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು.

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತ ನಾವು ನಗ್ತೀವಿ. ಹೆಸರು ಹುಡುಕದೆ ಪ್ಯಾಕೆಟ್ ಅಚ್ಚು ಹಾಕಿಸೋದೂ ಅದೇ ಕೆಲಸ. ಅಚ್ಚಿನ ಮನೆಗೆ ಹೋಗೋ ಮುಂಚೆ ಅರ್ಧ ಗಂಟೆ ಕೂತು ಹುಡುಕಿ. ಬೆವರು ನಿಮ್ಮದು, ಹೆಸರೂ ನಿಮ್ಮದೇ ಆಗಿರಲಿ.