ಕಾರ್ಡ್ ಹೋಗಿದೆ ಅನ್ನೋ ಮುಂಚೆ: ವಿಆರ್ ಪಿಸಿಯಲ್ಲಿ ಎರಡು ಗ್ರಾಫಿಕ್ಸ್ ಜಗಳ

ಇವತ್ತಿನ ಎಪಿಸೋಡ್ ಗೇಮಿಂಗ್ ಪಿಸಿಗೆ ವಿಆರ್ ಹೆಡ್‌ಸೆಟ್ ಹಾಕ್ಕೊಂಡು ಆಡೋರಿಗೆ. ಹೆಡ್‌ಸೆಟ್ ಇಲ್ದೇ ಇರೋರೂ ಕೇಳಿ, ಯಾಕಂದ್ರೆ ಮಾತು ಕೊನೆಗೆ ಬಂದು ನಿಲ್ಲೋದು ದುಡ್ಡಿನ ಹತ್ರಾನೇ. ಚೆನ್ನಾಗಿರೋ ಗ್ರಾಫಿಕ್ಸ್ ಕಾರ್ಡನ್ನ ‘ಹೋಗಿದೆ’ ಅಂತ ತಿಳ್ಕೊಂಡು, ಹೊಸದಕ್ಕೆ ಮೂವತ್ತು ನಲವತ್ತು ಸಾವಿರ ಸುರಿಯೋದನ್ನ ತಪ್ಪಿಸೋದು ಹೇಗೆ? ಅದೇ ಇವತ್ತಿನ ವಿಷಯ.

ಮೊದಲು ಒಂದು ಸಣ್ಣ ಲೆಕ್ಕ. ಮಾನಿಟರ್‌ನಲ್ಲಿ ಗೇಮ್ ಸ್ವಲ್ಪ ನಿಧಾನ ಆದ್ರೂ ಹೇಗೋ ಆಡ್ತೀವಿ. ಹೆಡ್‌ಸೆಟ್‌ನಲ್ಲಿ ಹಾಗಾಗಲ್ಲ. 2016ರಲ್ಲಿ ಬಂದ ಆಕ್ಯುಲಸ್ ರಿಫ್ಟ್, ಎಚ್‌ಟಿಸಿ ವೈವ್ ಎರಡೂ ಸೆಕೆಂಡಿಗೆ 90 ಸಲ ಚಿತ್ರ ಬದಲಿಸ್ತಿದ್ದವು. ಅಂದ್ರೆ ಒಂದು ಚಿತ್ರ ತಯಾರಾಗೋಕೆ ಸಿಗೋ ಸಮಯ ಸುಮಾರು 11 ಮಿಲಿಸೆಕೆಂಡ್ ಅಷ್ಟೇ. ಆಮೇಲೆ ಬಂದ ಕ್ವೆಸ್ಟ್ 2ರಲ್ಲಿ ಒಂದೊಂದು ಕಣ್ಣಿಗೂ ಅಡ್ಡ 1832, ಉದ್ದ 1920 ಪಿಕ್ಸೆಲ್. ಕೆಲಸ ಜಾಸ್ತಿ ಆಯ್ತು, ಸಮಯ ಜಾಸ್ತಿ ಆಗ್ಲಿಲ್ಲ. ಆ ಗಡುವು ತಪ್ಪಿದ್ರೆ ಚಿತ್ರ ಜರ್ಕ್ ಹೊಡಿಯುತ್ತೆ, ತಲೆ ಸುತ್ತುತ್ತೆ, ಹೊಟ್ಟೆ ತೊಳಸುತ್ತೆ. ಅದಕ್ಕೇ ಮಾನಿಟರ್‌ನಲ್ಲಿ ಗೊತ್ತೇ ಆಗದ ಸಣ್ಣ ಗಲಾಟೆ ವಿಆರ್‌ನಲ್ಲಿ ಎದ್ದು ಕಾಣುತ್ತೆ.

ಗಲಾಟೆ ಯಾರ ಮಧ್ಯೆ? ತುಂಬಾ ಪಿಸಿಗಳಲ್ಲಿ ಗ್ರಾಫಿಕ್ಸ್ ಒಂದಲ್ಲ, ಎರಡು ಇರುತ್ತೆ. ಒಂದು ನಾವು ದುಡ್ಡು ಕೊಟ್ಟು ತಂದ ದೊಡ್ಡ ಕಾರ್ಡ್. ಇನ್ನೊಂದು ಪ್ರೊಸೆಸರ್ ಒಳಗೇ ಕೂತಿರೋ ಪುಟ್ಟ ಗ್ರಾಫಿಕ್ಸ್. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ರೆ ಈ ಪುಟ್ಟದು ಇರಲ್ಲ, ಇಲ್ದಿದ್ರೆ ಸಾಮಾನ್ಯವಾಗಿ ಇರುತ್ತೆ. ಎಎಂಡಿಯಲ್ಲಿ ರೈಜನ್ 5 5600ಗೆ ಇಲ್ಲ. ಆದ್ರೆ 2022ರಲ್ಲಿ ಶುರುವಾದ ರೈಜನ್ 7000 ಡೆಸ್ಕ್‌ಟಾಪ್ ಸರಣಿಯಲ್ಲಿ ಹೆಚ್ಚುಕಮ್ಮಿ ಎಲ್ಲದಕ್ಕೂ ಇದೆ. ಹಾಗಾಗಿ ಹಳೇ ಪಿಸಿಯಲ್ಲಿ ಆರಾಮಾಗಿ ಓಡ್ತಿದ್ದ ವಿಆರ್, ಪ್ರೊಸೆಸರ್ ಬದಲಿಸಿದ ಮೇಲೆ ಹಠ ಹಿಡಿದ್ರೆ ಆಶ್ಚರ್ಯ ಪಡಬೇಕಾಗಿಲ್ಲ.

ನನ್ನ ಗೆಳೆಯನೊಬ್ಬನಿಗೆ ಆಗಿದ್ದೂ ಇದೇ. ಮೈಸೂರಿನವನು. ಕಾಲೇಜ್ ಫೆಸ್ಟ್‌ಗಳಲ್ಲಿ ವಿಆರ್ ಸ್ಟಾಲ್ ಹಾಕ್ತಾನೆ, ಐದು ನಿಮಿಷಕ್ಕೆ ನೂರು ರೂಪಾಯಿ. ಕಾರ್ಡ್ ಆರ್‌ಟಿಎಕ್ಸ್ 3060, ಹೆಡ್‌ಸೆಟ್ ಕ್ವೆಸ್ಟ್ 2. ರೈಜನ್ 5600 ತೆಗೆಸಿ 7600 ಹಾಕಿಸ್ದ, ಮದರ್‌ಬೋರ್ಡೂ ಹೊಸದು. ಅವತ್ತಿಂದ ಒಂದು ಗೇಮ್ ತಡವರಿಸುತ್ತೆ, ಇನ್ನೊಂದು ತೆರೆದ್ರೆ ಹೆಡ್‌ಸೆಟ್ ಪೂರ್ತಿ ಕಪ್ಪು. ರಿಪೇರಿಗೆ ಕೊಟ್ಟ ಕಡೆ, ‘ಕಾರ್ಡ್ ಹೋಗಿದೆ, ಹೊಸದು ಹಾಕ್ಸಿ, 38 ಸಾವಿರ ಆಗುತ್ತೆ’ ಅಂದ್ರು. ಶುಕ್ರವಾರ ಫೆಸ್ಟ್, ಅಡ್ವಾನ್ಸ್ ಬೇರೆ ಇಸ್ಕೊಂಡಿದ್ದಾನೆ. ಬುಧವಾರ ಸಂಜೆ ಫೋನ್ ಮಾಡಿ, ‘ಮಗಾ, ಇಎಂಐ ಮೇಲೆ ತಗೊಂಡುಬಿಡ್ಲಾ?’ ಅಂದ.

ನಾನು ಬಿಕಾಂ ಓದಿದವನು, ನನ್ನ ತಲೆ ಮೊದಲು ಓಡಿದ್ದು ಲೆಕ್ಕದ ಕಡೆಗೆ. 38 ಸಾವಿರ ಅಂದ್ರೆ 380 ಜನ ಆಡಬೇಕು. ಒಬ್ಬೊಬ್ಬರಿಗೆ ಐದು ನಿಮಿಷ ಅಂದ್ರೆ 1900 ನಿಮಿಷ. ಒಂದು ನಿಮಿಷಾನೂ ಬಿಡದೆ ಸುಮಾರು 32 ಗಂಟೆ ಸ್ಟಾಲ್ ಓಡಿಸಿದ್ರೆ ಕಾರ್ಡಿನ ದುಡ್ಡು ಮಾತ್ರ ವಾಪಸ್. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂತ ಯಾರಾದ್ರೂ ಹೊಸ ಅಂಗಡಿ ತೆಗೀತಾರಾ? ಒಂದೊಂದೇ ಎಂಟ್ರಿ ನೋಡ್ಕೊಂಡು ಬರ್ತಾರೆ. ಇಲ್ಲೂ ಅದೇ ಮಾಡಿದ್ವಿ. ನೀವೂ ಇದೇ ಕ್ರಮದಲ್ಲಿ ಮಾಡಿ. ನಿಯಮ ಎರಡೇ. ಖರ್ಚಿಲ್ಲದ್ದು ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಅದೇ ಗೇಮ್ ಹಾಕಿ ಪರೀಕ್ಷೆ.

ಒಂದು, ಯಾರು ಕೆಲಸ ಮಾಡ್ತಿದ್ದಾರೆ ನೋಡಿ. ವಿಆರ್ ಗೇಮ್ ಓಡ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಎರಡು ಗ್ರಾಫಿಕ್ಸ್ ಇದ್ರೆ ಜಿಪಿಯು 0, ಜಿಪಿಯು 1 ಅಂತ ಎರಡು ಕಾಣುತ್ತೆ, ಪಕ್ಕದಲ್ಲೇ ಹೆಸರೂ ಇರುತ್ತೆ. ದೊಡ್ಡ ಕಾರ್ಡ್ ಖಾಲಿ ಕೂತು ಪುಟ್ಟದು ಒದ್ದಾಡ್ತಿದ್ರೆ ಕಳ್ಳ ಸಿಕ್ಕಿದ ಹಾಗೆ. ಅವನ ಪಿಸಿಯಲ್ಲಿ ಎರಡೂ ಏರಿಳಿತಾ ಇದ್ದವು.

ಎರಡು, ಪಿಸಿ ಹಿಂದೆ ಹೋಗಿ ಕೇಬಲ್ ನೋಡಿ. ಮಾನಿಟರ್ ಕೇಬಲ್ ಯುಎಸ್‌ಬಿ ಪೋರ್ಟ್‌ಗಳ ಪಕ್ಕ ಇರೋ ತೂತಿಗೆ ಹೋಗಿದ್ರೆ ಅದು ಮದರ್‌ಬೋರ್ಡಿನದು. ಕೆಳಗೆ ಅಡ್ಡಲಾಗಿ ಇರೋ ಸಾಲು ಕಾರ್ಡಿನದು. ಅವನ ಕೇಬಲ್ ಮದರ್‌ಬೋರ್ಡ್‌ನಲ್ಲಿತ್ತು! ಹಳೇ 5600 ಇದ್ದಾಗ ಅಲ್ಲಿ ಚುಚ್ಚಿದ್ರೆ ಪರದೆಯೇ ಬರ್ತಿರ್ಲಿಲ್ಲ, ತಕ್ಷಣ ಗೊತ್ತಾಗ್ತಿತ್ತು. 7600ರಲ್ಲಿ ಪರದೆ ಬರುತ್ತೆ, ಎಲ್ಲ ಸರಿ ಇದೆ ಅನ್ಸುತ್ತೆ. ಆದ್ರೆ ಎಷ್ಟೋ ಸಾಫ್ಟ್‌ವೇರ್‌ಗಳು ಪರದೆ ಇರೋ ಗ್ರಾಫಿಕ್ಸನ್ನೇ ಯಜಮಾನ ಅಂದ್ಕೊಳ್ತವೆ. ಚಿತ್ರ ಒಂದರಲ್ಲಿ ತಯಾರಾಗಿ ಇನ್ನೊಂದಕ್ಕೆ ಕಾಪಿ ಆಗೋ ಹೊತ್ತಿಗೆ ನಮ್ಮ 11 ಮಿಲಿಸೆಕೆಂಡ್ ಮುಗಿದಿರುತ್ತೆ. ಕೇಬಲ್ ಕಾರ್ಡಿಗೆ ಹಾಕಿ ರೀಸ್ಟಾರ್ಟ್ ಮಾಡಿದ್ವಿ. ತಡವರಿಸೋದು ನಿಂತುಹೋಯ್ತು. ಆದ್ರೆ ಆ ಇನ್ನೊಂದು ಗೇಮ್ ಇನ್ನೂ ಕಪ್ಪು.

ಮೂರು, ವಿಂಡೋಸ್‌ಗೆ ಬಾಯಿಬಿಟ್ಟು ಹೇಳಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್. ಅಲ್ಲಿ ಗೇಮನ್ನೂ ವಿಆರ್ ಸಾಫ್ಟ್‌ವೇರನ್ನೂ ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಡೆಸ್ಕ್‌ಟಾಪ್‌ನಲ್ಲಿ ಬೇಕಿದ್ರೆ ಬಯೋಸ್‌ಗೆ ಹೋಗಿ ಪುಟ್ಟ ಗ್ರಾಫಿಕ್ಸನ್ನ ಆಫ್ ಮಾಡಬಹುದು, ಆದ್ರೆ ಮಾನಿಟರ್ ಕೇಬಲ್ ಕಾರ್ಡಿಗೆ ಬಂದ ಮೇಲೆ ಮಾತ್ರ. ಲ್ಯಾಪ್‌ಟಾಪ್‌ನವರು ಈ ಸಾಹಸ ಮಾಡಬೇಡಿ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಪರದೆಗೆ ಚಿತ್ರ ಹೋಗೋದೇ ಆ ಪುಟ್ಟ ಗ್ರಾಫಿಕ್ಸ್ ಮೂಲಕ.

ಲ್ಯಾಪ್‌ಟಾಪ್‌ಗೆ ಇನ್ನೊಂದು ಮಾತು. ವಾಲ್ವ್ ಇಂಡೆಕ್ಸ್ ಥರದ, ಡಿಸ್‌ಪ್ಲೇ ಪೋರ್ಟ್ ಬೇಡೋ ಹೆಡ್‌ಸೆಟ್ ತಗೊಳ್ಳೋ ಮುಂಚೆ ನಿಮ್ಮ ಲ್ಯಾಪ್‌ಟಾಪ್‌ನ ಪೋರ್ಟ್ ಯಾವ ಗ್ರಾಫಿಕ್ಸ್‌ಗೆ ಸೇರಿದೆ ನೋಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ ಅನ್ನೋ ಪುಟ ಇದೆ, ಯಾವ ಪರದೆ ಯಾವುದಕ್ಕೆ ಸೇರಿದೆ ಅಂತ ಚಿತ್ರ ಬರೆದು ತೋರಿಸುತ್ತೆ. ಕ್ವೆಸ್ಟ್‌ನ ಲಿಂಕ್ ಕೇಬಲ್‌ಗೆ ಈ ತಲೆನೋವಿಲ್ಲ, ಅದು ಚಿತ್ರವನ್ನ ವಿಡಿಯೋ ಮಾಡಿ ಯುಎಸ್‌ಬಿ ಡೇಟಾ ಆಗಿ ಕಳಿಸುತ್ತೆ.

ನಾಲ್ಕು, ಹಳೇ ಡ್ರೈವರ್ ಕಸ. ಎಎಂಡಿ ಕಾರ್ಡ್ ತೆಗೆದು ಎನ್‌ವಿಡಿಯಾ ಹಾಕಿದ್ರೆ, ಅಥವಾ ವಿಂಡೋಸ್ ಹೊಸದಾಗಿ ಹಾಕದೆ ಮದರ್‌ಬೋರ್ಡ್ ಬದಲಿಸಿದ್ರೆ, ಹಳೇದರ ಚೂರುಪಾರು ಒಳಗೇ ಉಳಿಯುತ್ತೆ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದ್ರೆ ಡಿಡಿಯು, ಅನ್ನೋ ಉಚಿತ ಸಾಧನ ಇದೆ. ಮೊದಲು ಕಾರ್ಡ್ ಕಂಪನಿಯ ಸೈಟಿಂದಲೇ ಹೊಸ ಡ್ರೈವರ್ ಇಳಿಸಿಟ್ಕೊಳ್ಳಿ. ಬಿಟ್‌ಲಾಕರ್ ಇದ್ರೆ ಅದರ ರಿಕವರಿ ಕೀ ಬರೆದಿಟ್ಕೊಳ್ಳಿ. ಇಂಟರ್ನೆಟ್ ತೆಗೀರಿ, ಇಲ್ಲಾಂದ್ರೆ ವಿಂಡೋಸ್ ತನ್ನದೇ ಡ್ರೈವರ್ ತಂದು ತುರುಕಬಹುದು. ಆಮೇಲೆ ಸೇಫ್ ಮೋಡ್, ಕ್ಲೀನ್, ರೀಸ್ಟಾರ್ಟ್, ಹೊಸ ಡ್ರೈವರ್. ನಾವು ಇದನ್ನೂ ಮಾಡಿದ್ವಿ, ಕಪ್ಪು ಪರದೆ ಹೋಗ್ಲಿಲ್ಲ.

ಐದು, ತುಂಬಾ ಜನ ಮರೆಯೋದು, ಓಪನ್‌ಎಕ್ಸ್‌ಆರ್. ವಿಆರ್ ಗೇಮ್‌ಗಳು ಎಲ್ಲಾ ಹೆಡ್‌ಸೆಟ್ ಜೊತೆ ಒಂದೇ ಭಾಷೆಯಲ್ಲಿ ಮಾತಾಡ್ಲಿ ಅಂತ ಕ್ರೊನೊಸ್ ಗ್ರೂಪ್ 2019ರಲ್ಲಿ ತಂದ ಮಾನದಂಡ ಇದು. ಆದ್ರೆ ಪಿಸಿಯಲ್ಲಿ ಒಂದು ಹೊತ್ತಿಗೆ ಒಂದೇ ರನ್‌ಟೈಮ್ ಡೀಫಾಲ್ಟ್ ಆಗಿರುತ್ತೆ. ಅವನು ಆಡಿಸ್ತಿದ್ದಿದ್ದು ಮೆಟಾದ ಲಿಂಕ್‌ನಲ್ಲಿ, ಡೀಫಾಲ್ಟ್ ಆಗಿ ಕೂತಿದ್ದು ಸ್ಟೀಮ್‌ವಿಆರ್. ಮೆಟಾ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನ ಬದಲಿಸೋಕೆ ಒಂದೇ ಬಟನ್. ಒತ್ತಿದ್ವಿ, ಗೇಮ್ ಬಂತು. ಒಟ್ಟು ಖರ್ಚು ಎರಡು ಟೀ.

ಇಲ್ಲೇ ಇನ್ನೊಂದು ಎಚ್ಚರಿಕೆ. ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಹೆಡ್‌ಸೆಟ್ ಇರೋರೇ, 2024ರ ವಿಂಡೋಸ್ 11 24ಎಚ್2 ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನ ತೆಗೆದುಹಾಕಿದೆ. ಅಪ್‌ಡೇಟ್ ಆದ ಮೇಲೆ ಹೆಡ್‌ಸೆಟ್ ನಿಂತಿದ್ರೆ ಕಾರ್ಡನ್ನ ಬೈಬೇಡಿ.

ಹಾಗಂತ ಕಾರ್ಡ್ ಕೆಡೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ವಿಂಡೋಸ್ ಬರೋ ಮುಂಚೆ, ಬಯೋಸ್ ಪರದೆಯಲ್ಲೇ ಚುಕ್ಕಿ ಗೆರೆ ಕಾಣ್ತಿದ್ರೆ ಡ್ರೈವರನ್ನ ದೂರೋ ಹಾಗಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 43 ಬಂದು, ಡ್ರೈವರ್ ಕ್ಲೀನ್ ಮಾಡಿದ್ರೂ ಹೋಗ್ದಿದ್ರೆ ಅನುಮಾನ ಪಡಿ. ಪವರ್ ಕೇಬಲ್ಲೂ ನೋಡಿ. ಮದರ್‌ಬೋರ್ಡಿನ ಸ್ಲಾಟ್ ಕೊಡೋದು 75 ವಾಟ್, 8 ಪಿನ್ ಕೇಬಲ್ 150 ವಾಟ್. ಆ ಕೇಬಲ್ ಸಡಿಲ ಇದ್ರೆ ಭಾರ ಬಿದ್ದಾಗ ಮಾತ್ರ ಪಿಸಿ ಕೈಕೊಡಬಹುದು. ಕೊನೇ ಪರೀಕ್ಷೆ, ಕಾರ್ಡನ್ನ ಬೇರೆಯವರ ಪಿಸಿಗೆ ಹಾಕಿ. ಅಲ್ಲೂ ಅದೇ ತೊಂದರೆ ಬಂದ್ರೆ ಆಗ ಒಪ್ಕೊಳ್ಳೋಣ. ವಾರಂಟಿ ಇದೆಯಾ ನೋಡಿ, ಆಮೇಲೆ ಜೇಬಿಗೆ ಕೈ ಹಾಕಿ.

ಯಾರಾದ್ರೂ ‘ಕಾರ್ಡ್ ಹೋಗಿದೆ’ ಅಂದ್ರೆ ಜಗಳ ಆಡೋದು ಬೇಡ. ಮರ್ಯಾದೆಯಿಂದ ಎರಡು ಪ್ರಶ್ನೆ ಕೇಳಿ: ಯಾವ ಟೆಸ್ಟ್ ಮಾಡಿದ್ರಿ ಸರ್? ಬೇರೆ ಪಿಸಿಯಲ್ಲಿ ಹಾಕಿ ನೋಡಿದ್ರಾ? ನಿಮಗೆ ನೀವು ಕೇಳ್ಕೋಬೇಕಾದ ಪ್ರಶ್ನೆ ಇನ್ನೂ ಮುಖ್ಯ: ಇದು ಕೆಡೋಕೆ ಮುಂಚೆ ಕೊನೇದಾಗಿ ಏನು ಬದಲಾಯ್ತು? ಉತ್ತರ ಬಹಳ ಸಲ ಅಲ್ಲೇ ಇರುತ್ತೆ.

ಇಷ್ಟು ಇವತ್ತಿಗೆ. ಹೊಸ ಕಾರ್ಡ್ ಬುಕ್ ಮಾಡೋಕೆ ಹೊರಟಿರೋ ಗೆಳೆಯರು ಯಾರಾದ್ರೂ ಇದ್ರೆ, ಪೇಮೆಂಟ್ ಬಟನ್ ಒತ್ತೋ ಮುಂಚೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.